ತಲುಪಿದ್ದಕ್ಕೊಂದು ಸಹಿ

"ಇದರಾಗ ಏನೈತ್ರಿ?"

ಖಾನಾಪುರ ಪೋಸ್ಟ್ ಆಫೀಸಿನ ಕೌಂಟರ್ ಆಚೆಯಿಂದ ಬಂದ ಈ ಪ್ರಶ್ನೆ ಕೇಳಿ ತ್ರಿವೇಣಿಗೆ ಸರ್ರನೆ ಸಿಟ್ಟು ಬಂತು.

"ನಿಮಗ್ಯಾಕ್ರಿ ಅದು? ರಿಜಿಸ್ಟರ್ ಮಾಡ್ರಿ ಅಂದ್ರ ಮಾಡ್ರಿ!"

"ಮಾಡತೀನ್ರಿ. ಮಾಡೂದ ನನ್ನ ಕೆಲಸ. ಆದ್ರ..." ಆ ತರುಣ ಕಂದು ಬಣ್ಣದ ಕವರನ್ನು ಅಂಗೈಯಲ್ಲಿ ತೂಗಿದ. ಮೇಲಿನ ವಿಳಾಸವನ್ನು ಎರಡು ಸಲ ಓದಿದ. ಆಮೇಲೆ ಧ್ವನಿ ತಗ್ಗಿಸಿ ಕೇಳಿದ, "ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅದಾವೇನ್ರಿ ಇದರಾಗ?"

ಅಂಟು ಹಚ್ಚಿ ಗಟ್ಟಿಯಾಗಿ ಮುಚ್ಚಿದ ಕವರು... ಇವನಿಗೆ ಹೇಗೆ ಗೊತ್ತಾಯಿತು?

ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದ ಪೆನ್ಶನ್ ಮುದುಕರು ಆಗಲೇ ಕುತ್ತಿಗೆ ಉದ್ದ ಮಾಡಿದ್ದರು. ಶನಿವಾರದ ಮಧ್ಯಾಹ್ನ. ಇನ್ನು ಅರ್ಧ ತಾಸಿಗೆ ಟಪಾಲಿನ ಚೀಲ ಬೆಳಗಾವಿಗೆ ಹೊರಡುತ್ತದೆ. ಅವಳಿಗೆ ಅದೇ ಅವಸರ.

"ಇದು ಬರೇ ಪೋಸ್ಟ್ ಬಾಕ್ಸ್ ನಂಬರ್ ಐತ್ರಿ. ಆಫೀಸು ಎಲ್ಲಿ, ಓಣಿ ಯಾವುದು, ಏನೂ ಇಲ್ಲ. ನನ್ನ ಮಾತು ಕೇಳ್ರಿ, ಕಳಸಬ್ಯಾಡ್ರಿ. ಝೆರಾಕ್ಸ್ ಕಳಸ್ರಿ ಬೇಕಾದ್ರ."

"ಒರಿಜಿನಲ್ ಬೇಕಂತ ಅವರ ಬರದಾರ. ಏಳು ದಿನದಾಗ ಮುಟ್ಟಬೇಕಂತ. ಇಲ್ಲಾಂದ್ರ ನೌಕರಿ ಬ್ಯಾರೆಯವರಿಗೆ ಹೋಕ್ಕೈತಿ!"

"ಅದಕ್ಕ ಹೇಳಾಕತ್ತೀನ್ರಿ. ಖರೇ ನೌಕರಿ ಕೊಡೋರು ಹಿಂಗ ಕೇಳಂಗಿಲ್ಲ."

"ನಿಮಗ ಹೆಂಗ ಗೊತ್ತು?"

ಅವನು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದ. "ಒಬ್ಬರ ಟಪಾಲಿನ ಮಾತು ಇನ್ನೊಬ್ಬರಿಗೆ ಹೇಳಾಕ ನನಗ ಬರಂಗಿಲ್ರಿ" ಎಂದಷ್ಟೇ ಅಂದ.

ಇದೆಂಥ ಉತ್ತರ! ತ್ರಿವೇಣಿಯ ಕಣ್ಣು ತುಂಬಿಕೊಂಡವು.

"ನೋಡ್ರಿ, ಇದು ನಾ ಕೇಳಿ ತರಿಸಿದ ಪತ್ರ ಅಲ್ಲ. ನಮ್ಮ ಅಪ್ಪ ಹಾಕಿದ ಅರ್ಜಿಗೆ ಬಂದ ಉತ್ತರ. ಅಂವ ತೀರಿ ಎಂಟು ತಿಂಗಳಾತು. ಅವನ ಕಡೀ ಅರ್ಜಿ ಇದು. ತಿಳೀತಾ?"

ಕವರಿಗೆ ಮೊಹರು ಒತ್ತಲು ಆ ತರುಣ ಎತ್ತಿದ್ದ ಶಿಕ್ಕೆ ಅಲ್ಲೇ ನಿಂತಿತು. ಕವರಿನ ಮೂಲೆಯಲ್ಲಿದ್ದ ಕಳಿಸಿದವರ ಹೆಸರನ್ನು ಈಗ ನೋಡಿದ. ಮುಖ ಬಿಳಿಚಿಕೊಂಡಿತು.

"ನೀವು... ಸಿದರಾಯಪ್ಪನ ಮಗಳೇನ್ರಿ?"

"ಹೌದು. ಯಾಕ?"

"ಸಿದರಾಯಪ್ಪ ಇದಕ್ಕ ಅರ್ಜಿ ಹಾಕಿರಲಿಲ್ರಿ."

ತ್ರಿವೇಣಿ ಕೌಂಟರಿನತ್ತ ಬಾಗಿದಳು.

"ಏನಂದ್ರಿ? ನಮ್ಮಪ್ಪ ಎಲ್ಲಿ ಅರ್ಜಿ ಹಾಕಿದ್ದ, ಎಲ್ಲಿ ಹಾಕಿಲ್ಲ ಅಂತ ನಿಮಗ ಹೆಂಗ ಗೊತ್ತಾತು? ಮಂದಿ ಪತ್ರಾ ಒಡದು ಓದತೀರೇನು ನೀವು? ಅದಕ್ಕ ಕೂಡಿಸ್ಯಾರೇನು ನಿಮ್ಮನ್ನ ಇಲ್ಲಿ?"

ಒಳಗಿನಿಂದ ಪೋಸ್ಟ್ ಮಾಸ್ತರ ಗಜಾನನ ಕೂಗಿದರು. "ಏ ಪ್ರಸಾದ! ಪಬ್ಲಿಕ್ ಕೂಡ ವಾದ ಯಾಕೋ ನಿಂದು? ಅವರು ಕೊಟ್ಟಿದ್ದು ತಗೋ, ಪಾವತಿ ಕೊಡು, ಮುಗೀತು."

"ನನಗ ಕಂಪ್ಲೇಂಟ್ ಬರಿಯೋದೈತಿ!" ತ್ರಿವೇಣಿ ಕೌಂಟರ್ ಮೇಲೆ ಕೈ ಬಡಿದಳು.

ಪ್ರಸಾದ ಕವರಿಗೆ ನಂಬರಿನ ಚೀಟಿ ಅಂಟಿಸಿದ, ಶಿಕ್ಕೆ ಒತ್ತಿದ, ಪಾವತಿ ಚೀಟಿ ಬರೆದುಕೊಟ್ಟ. ಆಮೇಲೆ ತಾನೇ ಎದ್ದು ಹೋಗಿ ಗೋಡೆಗೆ ತೂಗುಹಾಕಿದ್ದ ದೂರಿನ ಪುಸ್ತಕ ತಂದ. ಖಾಲಿ ಪುಟ ತೆಗೆದು, ಪೆನ್ನಿನ ಟೋಪಿ ಬಿಚ್ಚಿ ಅವಳ ಮುಂದೆ ಇಟ್ಟ.

"ಇಲ್ಲಿ ಬರೀರಿ. ನನ್ನ ಹೆಸರು ಪ್ರಸಾದ ಅಂತ. ಕೌಂಟರ್ ನಂಬರ್ ಎರಡು."

ಇಂಥ ಮನುಷ್ಯನನ್ನು ಅವಳು ಎಲ್ಲೂ ಕಂಡಿರಲಿಲ್ಲ. ಆದರೂ ಬರೆದಳು. ಇವರು ಜನರ ಪತ್ರ ಒಡೆದು ಓದುತ್ತಾರೆ ಎಂದು ಸ್ಪಷ್ಟವಾಗಿ ಬರೆದು, ಕೆಳಗೆ ಸಹಿ ಹಾಕಿ ಹೊರಟಳು. ಬಾಗಿಲ ತನಕ ಹೋಗಿ ತಿರುಗಿ ನೋಡಿದಾಗ ಅವನು ಪುಸ್ತಕದ ಕಡೆ ಕಣ್ಣೂ ಹಾಯಿಸದೆ ಅದನ್ನು ಮಡಚಿ ಮತ್ತೆ ಗೋಡೆಗೆ ತೂಗುಹಾಕುತ್ತಿದ್ದ.

*

ಸಿದರಾಯಪ್ಪನೆಂದರೆ ಖಾನಾಪುರದ ಹಂಚಿನ ಕಾರ್ಖಾನೆಯ ವಾಚಮನ್. ಹುಟ್ಟಿದ್ದು ಕುರಿ ಕಾಯುವ ಮನೆತನದಲ್ಲಿ. ಕುರಿ ಹೋದವು, ಹೆಗಲ ಮೇಲಿನ ಕಂಬಳಿ ಮಾತ್ರ ಉಳಿಯಿತು. ಮಗಳು ಬಿ.ಕಾಂ. ಮುಗಿಸಿ ಟೈಪಿಂಗ್ ಪರೀಕ್ಷೆ ಪಾಸಾದ ದಿನ ಕಾರ್ಖಾನೆಯ ಮಂದಿಗೆಲ್ಲ ಪೇಢೆ ಹಂಚಿದ್ದ. ಆಮೇಲೆ ಅವನಿಗೆ ಒಂದೇ ಗೀಳು: ಮಗಳಿಗೊಂದು ನೌಕರಿ.

"ನನ್ನ ಸಲುವಾಗಿ ಮಂದಿ ಮುಂದ ಕೈ ಚಾಚಬ್ಯಾಡ ಅಪ್ಪಾ" ಎಂದು ತ್ರಿವೇಣಿ ಒಮ್ಮೆ ರೇಗಿದ್ದಳು. ಅಂದಿನಿಂದ ಅವನು ಆ ಮಾತೇ ಎತ್ತಿರಲಿಲ್ಲ. ಆದರೆ ಪೇಪರಿನ ಮೂಲೆಗಳು ಕತ್ತರಿಸಿಹೋಗಿರುತ್ತಿದ್ದವು. ಅವಳು ನೋಡಿಯೂ ನೋಡದಂತೆ ಇದ್ದಳು.

ಹಾಗಾಗಿ, ಮುಂಬೈನಿಂದ ಆ ಪತ್ರ ಬಂದು, 'ನಿಮ್ಮ ಅರ್ಜಿಯನ್ನು ಪರಿಶೀಲಿಸಿ ನಿಮ್ಮನ್ನು ಕಂಪ್ಯೂಟರ್ ಆಪರೇಟರ್ ಹುದ್ದೆಗೆ ಆಯ್ಕೆ ಮಾಡಲಾಗಿದೆ' ಎಂದು ಓದಿದಾಗ ಅವಳಿಗೆ ಬೇರೆ ಯೋಚನೆ ಹೇಗೆ ಬಂದೀತು ಹೇಳಿ? ತಾನಂತೂ ಅರ್ಜಿ ಹಾಕಿಲ್ಲ. ಹಾಕಿದವನು ಒಬ್ಬನೇ ಇರಬೇಕು! ಆ ಪತ್ರವನ್ನು ಎದೆಗೆ ಅವಚಿಕೊಂಡು ಅಂದು ಅವಳು ಎಷ್ಟು ಅತ್ತಿದ್ದಳೋ...

ಭಾನುವಾರ ಬೆಳಿಗ್ಗೆ ಅವ್ವ ಮಾಯಕ್ಕ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೇಳಿದಳು.

"ಪೋಸ್ಟಿನ ಹುಡುಗನ ಕೂಡ ಜಗಳಾ ತಗದಿಯಂತ?"

"ಆಗಲೇ ಮುಟ್ಟಿತಾ ಸುದ್ದಿ?"

"ಸಾಲಿನ್ಯಾಗ ಹಣಮಪ್ಪ ಮುತ್ಯಾ ನಿಂತಿದ್ನಂತ. ಅಂವ ನಿಂತ ಮ್ಯಾಲ ಪೇಪರ್ ಯಾಕ ಬೇಕವ್ವಾ ಊರಿಗೆ?"

ತ್ರಿವೇಣಿ ನಗಲಿಲ್ಲ. ರಿಜಿಸ್ಟರ್ ಪಾವತಿಯನ್ನು ಜೋಪಾನ ಮಾಡಲೆಂದು ಅಪ್ಪನ ಬಿಸ್ಕೀಟಿನ ಡಬ್ಬಿ ಇಳಿಸಿದಳು. ಅವನು ಹೋದ ಮೇಲೆ ಯಾರೂ ಅದನ್ನು ತೆರೆದಿರಲಿಲ್ಲ. ಮುಚ್ಚಳ ತೆಗೆದರೆ ಅಪ್ಪನ ಬೀಡಿಯ ವಾಸನೆ!

ಒಳಗೆ ರೇಶನ್ ಕಾರ್ಡು, ಎರಡು ಹಳೆಯ ಫೋಟೋ. ಅವುಗಳ ಕೆಳಗೆ ದಾರ ಕಟ್ಟಿಟ್ಟ ಸಣ್ಣ ಸಣ್ಣ ಚೀಟಿಗಳ ಕಟ್ಟು. ಒಂದೊಂದರ ಮೇಲೂ ಒಂದು ವಿಳಾಸ, ಮೇಲೊಂದು ಖಾನಾಪುರ ಪೋಸ್ಟಿನ ಗುಂಡು ಶಿಕ್ಕೆ. ಸಾದಾ ಪತ್ರ ಹಾಕಿದ್ದಕ್ಕೆ ಪೋಸ್ಟಿನವರು ಕೊಡುವ ಸಾಕ್ಷಿ ಚೀಟಿ ಅವು. ರಿಜಿಸ್ಟರಿನ ರೊಕ್ಕ ಇಲ್ಲದವರು ಅದನ್ನೇ ಮಾಡಿಸುತ್ತಾರೆ.

ಇಪ್ಪತ್ಮೂರು ಚೀಟಿ. ಬೆಳಗಾವಿಯ ಬ್ಯಾಂಕು, ಧಾರವಾಡದ ಕಾಲೇಜು, ಹುಬ್ಬಳ್ಳಿಯ ಕಂಪನಿ, ಮತ್ತೆ ಬೆಳಗಾವಿ, ಮತ್ತೆ ಬೆಳಗಾವಿ...

"ಅವ್ವಾ... ಅಪ್ಪಗ ಬರಿಯಾಕ ಬರತಿರಲಿಲ್ಲಲ್ಲ. ಯಾರು ಬರದಾರ ಇವನ್ನ?"

"ಯಾರೋ ದೋಸ್ತ ಅದಾನ ಅಂತಿದ್ದಾ. ಪ್ರತೀ ಶನಿವಾರ ಪೇಪರ್ ತುಣುಕು ಮಡಚಿ ಕಿಸೇದಾಗ ಇಟಗೊಂಡು ಹೋಗತಿದ್ದ. ಯಾರಪಾ ನಿನ್ನ ದೋಸ್ತ ಅಂದ್ರ ನಗತಿದ್ದ, ಅಷ್ಟ."

"ಮುಂಬೈಕ ಹಾಕಿದ್ದು ಇದರಾಗ ಇಲ್ಲ..."

"ಮುಂಬೈ?" ಮಾಯಕ್ಕ ಮೊರ ಕೆಳಗಿಟ್ಟಳು. "ನಿಮ್ಮಪ್ಪ ಮುಂಬೈಕ ಹಾಕತಿದ್ನೇನ? ಹುಬ್ಬಳ್ಳಿನ ದೂರಾತು ಅಂತಿದ್ದಾ ಅಂವ. ನೌಕರಿ ಅಂದ್ರ ನನ್ನ ಮಗಳು ಸಂಜಿ ಬಸ್ಸಿಗೆ ಮನಿಗೆ ಬರೂವಂಗ ಇರಬೇಕು ಅಂತ ಎಷ್ಟ ಸಲ ಅಂದಾನ!"

ತ್ರಿವೇಣಿಯ ಬೆರಳು ಒಂದು ಚೀಟಿಯ ಮೇಲೆ ನಿಂತುಬಿಟ್ಟಿತು. ಊರಿನ ಹೆಸರಿನ ಕೆಳಗೆ ಎರಡು ಗೆರೆ. ಎರಡನೆಯದರ ತುದಿಗೆ ಒಂದು ಚುಕ್ಕಿ. ಎಲ್ಲ ಚೀಟಿಗಳಲ್ಲೂ ಹಾಗೇ. ಇದನ್ನು ಎಲ್ಲಿ ನೋಡಿದೆ? ಎಲ್ಲಿ...?

ಪರ್ಸಿನಿಂದ ನಿನ್ನೆಯ ಪಾವತಿ ತೆಗೆದಳು. 'ಮುಂಬೈ' ಎಂದು ಬರೆದಲ್ಲಿ, ಅದರ ಕೆಳಗೆ... ಎರಡು ಗೆರೆ. ತುದಿಗೆ ಚುಕ್ಕಿ.

'ಅಯ್ಯೋ... ದೋಸ್ತ ಅಂದ್ರ ಇಂವನಾ? ಇಂವನ ಮ್ಯಾಲ ನಾ ಏನು ಬರದು ಬಂದೆ!'

ಅಪ್ಪ ಅರ್ಜಿ ಹಾಕಿರಲಿಲ್ಲ ಎಂದು ಅವನು ಹೇಳಿದ್ದು ಪತ್ರ ಒಡೆದು ಓದಿ ಅಲ್ಲ. ಎಲ್ಲ ಅರ್ಜಿಯನ್ನೂ ಬರೆದವನು ಅವನೇ! ಹಾಗಾದರೆ ಮುಂಬೈಯವರು ಹೇಳುವ ಅರ್ಜಿ ಯಾವುದು? ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಕಾಂ., ಟೈಪಿಂಗ್... ಎಲ್ಲ ಮೂಲ ಪ್ರತಿಗಳೂ ಈಗ ಯಾವುದೋ ಚೀಲದಲ್ಲಿ ಕೂತು ಯಾರದೋ ಕೈಗೆ ಹೊರಟಿವೆ. ಅವಿಲ್ಲದೆ ಅವಳು ಬರೀ ವಾಚಮನ್‌ನ ಮಗಳು. ಓದಿದ್ದಕ್ಕೆ ಗುರುತೇ ಇಲ್ಲ.

ಚಪ್ಪಲಿ ಮೆಟ್ಟಿ ಓಡಿದಳು. ಪೋಸ್ಟ್ ಮಾಸ್ತರ ಗಜಾನನ ಮನೆಯ ಕಟ್ಟೆಯ ಮೇಲೆ ಗಡ್ಡ ಹೆರೆದುಕೊಳ್ಳುತ್ತಿದ್ದರು.

"ಐತವಾರ ಐತವ್ವಾ. ನಾಳೆ ಬಾ. ಪ್ರಸಾದನ ಮನೀನಾ? ಬೆಳಗಾವಿ ಶಹಾಪುರದಾಗ. ಬಸವಣ್ಣೆವ್ವನ ಮನಿ ಅಂದ್ರ ಮಗ್ಗದ ಓಣ್ಯಾಗ ಯಾರರ ತೋರಸ್ತಾರ." ಆಮೇಲೆ ಬ್ಲೇಡು ಎತ್ತಿ ಹಿಡಿದು ಸಂಶಯದಿಂದ ನೋಡಿದರು. "ಯಾಕ? ಇನ್ನೊಂದು ಕಂಪ್ಲೇಂಟ್ ಕೊಡಾಕೇನು?"

*

ಬಸ್ಸು ಪೀರನವಾಡಿ ದಾಟಿ ಬೆಳಗಾವಿ ಸೇರುವ ತನಕ ತ್ರಿವೇಣಿ ಡಬ್ಬಿಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು. ಶಹಾಪುರದ ಓಣಿಯಲ್ಲಿ ಮಗ್ಗಗಳ ಖಟಖಟ ಸದ್ದು. ಬಾಗಿಲು ತೆರೆದವಳು ಹಣೆ ತುಂಬ ವಿಭೂತಿ ಧರಿಸಿದ ದಪ್ಪನೆಯ ಹೆಂಗಸು.

"ಪ್ರಸಾದ ಅದಾರೇನ್ರಿ?"

"ನಸುಕಿನ್ಯಾಗ ಎದ್ದು ನಂದಗಡಕ್ಕ ಹೋಗ್ಯಾನವಾ. ಬರೂ ಹೊತ್ತಾತು. ಒಳಗ ಬಾ, ಕುಂದರು. ಯಾರ ಪೈಕಿ ನೀ?"

"ಖಾನಾಪುರದ ಸಿದರಾಯಪ್ಪನ ಮಗಳ್ರಿ. ಹಂಚಿನ ಕಾರ್ಖಾನಿ..."

"ಕಂಬಳಿ ಸಿದರಾಯಪ್ಪನ ಮಗಳಾ!" ಬಸವಣ್ಣೆವ್ವ ಅವಳ ಗಲ್ಲ ಹಿಡಿದೇ ಬಿಟ್ಟಳು. "ನೋಡಲ್ಲಿ, ಮಂಚದ ಮ್ಯಾಲ ಐತಿ ನಿಮ್ಮಪ್ಪ ಕೊಟ್ಟ ಕಂಬಳಿ. ಬರದುಕೊಟ್ಟಿದ್ದಕ್ಕ ರೊಕ್ಕಾ ತಗೋವಲ್ಲಿ, ಇದನರ ತಗೋ ಅಂತ ಕೊಟ್ಟಿದ್ನಂತ. ಅದನ್ನ ಹೊಚಗೊಂಡ ಮಕ್ಕೋತಾನ ನನ್ನ ಮಗ, ಬ್ಯಾಸಗ್ಯಾಗೂ! ನೆಗಡಿ ಬಂದ್ರೂ ಅದ, ಜ್ವರಾ ಬಂದ್ರೂ ಅದ. ಅವಲಕ್ಕಿ ತಿಂತೀಯಿಲ್ಲೋ? ಏ, ಯಾಕವಾ ಅಳತಿ?"

ಮಂಚದ ಮೇಲೆ ಮಡಚಿಟ್ಟ ಆ ಕರಿಯ ಕಂಬಳಿಯ ಅಂಚಿಗೆ ಅವ್ವ ಹಾಕಿದ್ದ ಕೆಂಪು ದಾರದ ಹೊಲಿಗೆ ಹಾಗೇ ಇತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಪ್ರಸಾದ ಬಂದು ನಿಂತ. ತಲೆಗೂದಲ ತುಂಬ ದಾರಿಯ ಧೂಳು. ಅವಳನ್ನು ಕಂಡು ಹೌಹಾರಿದ.

"ನೀವು... ಇಲ್ಲಿ?"

ಅವಳು ಡಬ್ಬಿಯ ಮುಚ್ಚಳ ತೆಗೆದು ಚೀಟಿಗಳ ಕಟ್ಟನ್ನು ಚಾಪೆಯ ಮೇಲಿಟ್ಟಳು. ಪಕ್ಕಕ್ಕೆ ನಿನ್ನೆಯ ಪಾವತಿ.

ಪ್ರಸಾದ ನಿಧಾನವಾಗಿ ಕೂತ. ಒಂದು ಚೀಟಿಯನ್ನು ಎತ್ತಿ ನೋಡಿ, "ಎಲ್ಲಾ ಇಟ್ಟಿದ್ರೇನ್ರಿ ನಿಮ್ಮಪ್ಪ..." ಅಂದ. ಧ್ವನಿ ಒದ್ದೆಯಾಗಿತ್ತು.

"ನಿನ್ನೆನ ಯಾಕ ಹೇಳಲಿಲ್ಲ ನೀವು?"

"ಮಾತು ಕೊಟ್ಟಿದ್ದೆ ಅವರಿಗೆ. 'ನನ್ನ ಮಗಳಿಗೆ ಗೊತ್ತಾಗಬಾರದು. ನೌಕರಿ ಸಿಕ್ಕ ದಿನಾ ನಾನ ಹೇಳತೀನಿ' ಅಂದಿದ್ರು. ನೀವು ಎದುರಿಗೆ ನಿಂತು ಅಳಾಕತ್ತಾಗ, ಸಾಲಿನ್ಯಾಗ ಹತ್ತ ಮಂದಿ ಕೇಳಾಕತ್ತಾಗ... ಹೆಂಗ ಹೇಳ್ಲಿ?"

"ಮತ್ತ ಈ ಕಂಪನಿ ಖೊಟ್ಟಿ, ಮೋಸದ್ದು ಅಂತ ಹೆಂಗ ಗೊತ್ತಾತು?"

ಪ್ರಸಾದ ಕಿಸೆಯಿಂದ ಒಂದು ಮಡಚಿದ ಪತ್ರ ತೆಗೆದ. "ನಂದಗಡದ ಕಾಂತಾ ಅಂತ ಒಬ್ಬಾಕಿ. ನಿಮ್ಮ ಕೂಡನ ಟೈಪಿಂಗ್ ಪರೀಕ್ಷಾ ಪಾಸಾದಾಕಿ. ಆಕೀಗೂ ನಿಮಗ ಬಂದಂಥಾದ್ದ ಪತ್ರ ಬಂದಿತ್ತು. ಆಕಿನೂ ಅರ್ಜಿ ಹಾಕಿರಲಿಲ್ಲ, ಅವರಪ್ಪ ಹಾಕಿರಬೇಕು ಅಂದಕೊಂಡ್ಲು. ಪಾಸಾದವರ ಯಾದಿ ಹಿಡದ ಎಲ್ಲಾರಿಗೂ ಪತ್ರಾ ಹಾಕಿರಬೇಕು ಅವರು. ಮಾರ್ಕ್ಸ್ ಕಾರ್ಡ್ ಕಳಿಸಿದ್ಲು. ಈಗ, ಮೂರು ಸಾವಿರ ಕಟ್ಟಿದ್ರ ವಾಪಸ್ ಕೊಡತೀವಿ ಅಂತ ಬರದಾರ. ಮೊನ್ನಿ ನನ್ನ ಕೌಂಟರ್ ಮುಂದನ ನಿಂತು ಅತ್ಲು. ಆದ್ರ ಆಕೀ ಟಪಾಲಿನ ಸುದ್ದಿ, ಆಕಿ ಒಪ್ಪದ ನಾ ನಿಮಗ ಹೇಳಾಕ ಬರತೈತೇನ್ರಿ? ಅದಕ್ಕ ಇವತ್ತ ಹೋಗಿ ಕೇಳಿದೆ. 'ತೋರಸ್ರಿ ಅಣ್ಣಾ, ಇನ್ನೊಬ್ಬಾಕಿ ಮೋಸ ಹೋಗೂದು ಬ್ಯಾಡ' ಅಂತ ಕೊಟ್ಲು."

ತ್ರಿವೇಣಿ ಪತ್ರ ನೋಡಿದಳು. ತನಗೆ ಬಂದ ಪತ್ರದಲ್ಲಿದ್ದ ಅದೇ ಹಸಿರು ಅಕ್ಷರದ ತಲೆಪಟ್ಟಿ. ಅದೇ ಪೋಸ್ಟ್ ಬಾಕ್ಸ್.

ನಿನ್ನೆ ತನ್ನಿಂದ ಅಷ್ಟು ಬೈಸಿಕೊಂಡ ಮನುಷ್ಯ, ಇವತ್ತು ಬೆಳಗಾಗುವ ಮೊದಲೇ ಎದ್ದು, ತನ್ನ ಸಲುವಾಗಿ, ಇನ್ನೊಬ್ಬಳ ಅನುಮತಿ ಕೇಳಲು ಎರಡು ಬಸ್ಸು ಬದಲಿಸಿ ಹೋಗಿ ಬಂದಿದ್ದಾನೆ...

"ಮುಗೀತಲ್ರಿ ಹಂಗಾರ. ನನ್ನ ಸರ್ಟಿಫಿಕೇಟ್ ಹೋದುವು."

"ಇಲ್ರಿ!" ಪ್ರಸಾದ ಮೊದಲ ಸಲ ಗಟ್ಟಿಯಾಗಿ ಮಾತಾಡಿದ. "ಅವರ ಕೈಗೆ ಮುಟ್ಟೂ ತನಕ ಆ ಕವರು ನಿಮ್ಮದ. ಹಾಕಿದವರ ಬಂದು, ವಾಪಸ್ ಕರಸ್ರಿ ಅಂತ ಬರದು ಕೊಟ್ರ, ಅಲ್ಲೀ ಆಫೀಸಿಗೆ ತಂತಿ ಕೊಡಾಕ ಬರತೈತಿ. ಆದ್ರ ನಾ ಕೊಟ್ರ ನಡಿಯಂಗಿಲ್ಲ, ನೀವ ಕೊಡಬೇಕು. ನಾಳೆ ಆಫೀಸು ತಗಿಯೂದಕ್ಕ ಬಾಗಿಲದಾಗ ನಿಲ್ರಿ. ಪಾವತಿ ಕಳೀಬ್ಯಾಡ್ರಿ."

"ಮುಟ್ಟಿಬಿಟ್ಟಿದ್ರ?"

"ಶನಿವಾರ ಹೋದದ್ದು, ನಡಕ ಐತವಾರ. ಮುಟ್ಟಿರಂಗಿಲ್ಲ."

ಎದ್ದು ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದ. "ಇವೂ ನಿಮ್ಮವ ರೀ. ಅರ್ಜಿಗಳಿಗೆ ಬಂದ ಉತ್ತರ. ಹನ್ನೊಂದು. ಎಲ್ಲಾ ಇಲ್ಲಾ ಅಂತನ ಬರದಾರ. ಪೋಸ್ಟಿನ್ಯಾಗನ ಇಸಗೊಂಡು, ನನ್ನ ಕಡೆ ಓದಿಸಿ, 'ಮನಿಗೆ ಒಯ್ದ್ರ ಮಗಳು ನೋಡಿ ನೊಂದಕೋತಾಳ, ನಿಮ್ಮ ಕಡೆ ಇರಲಿ' ಅಂತ ಬಿಟ್ಟು ಹೋಗತಿದ್ರು."

ಅವಳು ಆ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹನ್ನೊಂದು ಸಲ ಇಲ್ಲ ಅನ್ನಿಸಿಕೊಂಡು, ಮುಂದಿನ ಶನಿವಾರ ಮತ್ತೆ ಪೇಪರ್ ಕತ್ತರಿಸಿಕೊಂಡು ಹೊರಟ ಅಪ್ಪ... ಸಂಜೆ ಮನೆಗೆ ಬಂದು ಏನೂ ಆಗದವನಂತೆ, "ಏನ್ ಮಾಡೀವ್ವಾ ಪಲ್ಯಾ?" ಎಂದು ಕೇಳುತ್ತಿದ್ದ ಅಪ್ಪ...

ತ್ರಿವೇಣಿ ಬಿಕ್ಕಿ ಬಿಕ್ಕಿ ಅತ್ತಳು. ಬಸವಣ್ಣೆವ್ವ ಅವಳನ್ನು ಎಳೆದು ತನ್ನ ಸೆರಗಿಗೆ ಒರಗಿಸಿಕೊಂಡು ಮಗನ ಕಡೆ ಕಣ್ಣು ಕೆಕ್ಕರಿಸಿದಳು. "ಏ, ಏನು ಮಾರೀ ನೋಡಕೋತ ಕುಂತೀಯೋ? ನೀರು ತಾ!"

*

ಸೋಮವಾರ ಒಂಬತ್ತಕ್ಕೆ ತ್ರಿವೇಣಿ ಬಾಗಿಲಲ್ಲಿದ್ದಳು. ಅರ್ಜಿ ಬರೆದಳು, ಪಾವತಿ ತೋರಿಸಿದಳು. ಗಜಾನನ ಮಾಸ್ತರ ಕನ್ನಡಕ ಏರಿಸಿ ಎಲ್ಲ ಓದಿ, ಸಹಿ ಹಾಕಿ, ತಂತಿ ಕೊಟ್ಟರು. ಆಮೇಲೆ ಅವಳು ದೂರಿನ ಪುಸ್ತಕವನ್ನೂ ಕೇಳಿದಳು. ತಾನು ಬರೆದದ್ದರ ಕೆಳಗೆ, 'ಇದು ನನ್ನ ತಪ್ಪು ತಿಳುವಳಿಕೆ, ದೂರು ವಾಪಸ್' ಎಂದು ಬರೆದಳು.

ಕೌಂಟರ್ ಎರಡರ ಮುಂದೆ ನಿಂತು ಕೇಳಿದಳು. "ನಾ ಏನು ಬರದಿದ್ದೆ ಅಂತ ಓದಿದ್ರೇನು?"

"ಇಲ್ರಿ. ಮಂದಿ ಬರದದ್ದು ನಾ ಓದಂಗಿಲ್ಲ."

ಒಂಬತ್ತನೆಯ ದಿನ ಕವರು ಬಂತು. ಅಂಟು ಬಿಚ್ಚಿರಲಿಲ್ಲ. ಪ್ರಸಾದನ ಎದುರಿಗೇ ಅವಳು ಅದನ್ನು ಒಡೆದು, ಒಂದೊಂದೇ ಮಾರ್ಕ್ಸ್ ಕಾರ್ಡು ಎಣಿಸಿ, ಎದೆಗೆ ಒತ್ತಿಕೊಂಡು ನಕ್ಕಳು. ಆ ನಗು ನೋಡಿ ಕೌಂಟರ್ ಆಚೆ ಇದ್ದವನು ಸ್ಟ್ಯಾಂಪಿನ ಬದಲು ತನ್ನ ಹೆಬ್ಬೆರಳಿಗೇ ಅಂಟು ಹಚ್ಚಿಕೊಂಡದ್ದನ್ನು ಹಣಮಪ್ಪ ಮುತ್ಯಾ ಊರಿಗೆಲ್ಲ ಹೇಳಿದ.

ಕಾಂತಾಳ ಕಾರ್ಡುಗಳು ಬರಲಿಲ್ಲ. ತ್ರಿವೇಣಿ ಅವಳನ್ನು ಕರೆದುಕೊಂಡು ಪೊಲೀಸರಿಗೆ ಬರೆದುಕೊಟ್ಟಳು, ಎರಡನೆಯ ಪ್ರತಿಗೆ ಬೋರ್ಡಿಗೆ ಬರೆಸಿದಳು. ಟೈಪಿಂಗ್ ಪಾಸಾದವರ ಮನೆಮನೆಗೂ ಹೋಗಿ ಕೇಳಿದಾಗ ಇನ್ನೂ ನಾಲ್ವರು ಕವರಿಗೆ ಅಂಟು ಹಚ್ಚಿ ಇಟ್ಟುಕೊಂಡಿದ್ದರು! ಪೋಸ್ಟ್ ಆಫೀಸಿನ ಗೋಡೆಗೆ ಅವಳೇ ಕನ್ನಡದಲ್ಲೂ ಮರಾಠಿಯಲ್ಲೂ ಟೈಪ್ ಮಾಡಿದ ಎಚ್ಚರಿಕೆಯ ಹಾಳೆ ಅಂಟಿತು. ಅದನ್ನು ಓದಲು ಬಂದ ವಕೀಲರ ಗುಮಾಸ್ತನೊಬ್ಬ, ಯಾರು ಟೈಪ್ ಮಾಡಿದ್ದು, ಒಂದೂ ತಪ್ಪಿಲ್ಲವಲ್ಲ ಎಂದು ಕೇಳಿದ.

ಒಂದು ತಿಂಗಳಿಗೆ ಬೆಳಗಾವಿ ಹಿಂದವಾಡಿಯ ವಕೀಲರ ಆಫೀಸಿನಲ್ಲಿ ತ್ರಿವೇಣಿಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ಮನೆಗೆ ಬರುವಂಥದ್ದು.

ಈಗ ಅವಳು ಬೆಳಿಗ್ಗೆ ಖಾನಾಪುರದಿಂದ ಬೆಳಗಾವಿಗೆ. ಅವನು ಬೆಳಗಾವಿಯಿಂದ ಖಾನಾಪುರಕ್ಕೆ. ಎರಡು ಬಸ್ಸೂ ಎದುರಾಗುವುದು ಪೀರನವಾಡಿಯ ಹತ್ತಿರ. ಮೊದಲ ದಿನ ಆಕಸ್ಮಿಕವಾಗಿ ಕಂಡರು. ಎರಡನೆಯ ದಿನ ಇಬ್ಬರೂ ಬಲಗಡೆಯ ಕಿಟಕಿಗೇ ಕೂತಿದ್ದರು. ಅದು ಆಕಸ್ಮಿಕವಲ್ಲ! ಒಂದು ಕ್ಷಣ. ಒಂದು ಕೈ ಎತ್ತುವುದು, ಒಂದು ನಗು. ಬಸ್ಸು ಮುಂದೆ. ಆ ಒಂದು ಕ್ಷಣಕ್ಕಾಗಿ ಅವಳು ದಿನಾಲೂ ಒಂದು ಮೊಳ ಮಲ್ಲಿಗೆ ಮುಡಿಯತೊಡಗಿದ್ದು ಮಾಯಕ್ಕನ ಕಣ್ಣು ತಪ್ಪಿರಲಿಲ್ಲ.

ಮೂರು ತಿಂಗಳು ಹೀಗೇ ನಡೆಯಿತು. ಅವನು ಒಂದು ಮಾತೂ ಆಡಲಿಲ್ಲ.

ಒಂದು ಸೋಮವಾರ ಅವನ ಕಿಟಕಿ ಖಾಲಿ. ಮಂಗಳವಾರವೂ ಖಾಲಿ. ಬುಧವಾರ... 'ಜ್ವರಾ ಬಂದಿರಬೇಕು.' ಗುರುವಾರ... 'ನನ್ನ ಮ್ಯಾಲ ಸಿಟ್ಟೇನು? ಬ್ಯಾಸರಾತೇನು?' ಶನಿವಾರ ರಜೆ ಹಾಕಿ ಪೋಸ್ಟ್ ಆಫೀಸಿಗೆ ನಡೆದಳು. ಕೌಂಟರ್ ಎರಡರಲ್ಲಿ ಬೇರೆ ಯಾರೋ ಕೂತಿದ್ದರು.

"ಅವನ್ನ ಬೆಳಗಾವಿಗೆ ಬದಲಿ ಮಾಡ್ಯಾರವ್ವಾ" ಎಂದರು ಗಜಾನನ ಮಾಸ್ತರ. "ನೀ ದೂರು ವಾಪಸ್ ತಗೊಂಡಿ, ಖರೇ. ಆದ್ರ ಪುಸ್ತಕದಾಗ ಒಮ್ಮೆ ಬಿದ್ದದ್ದು ಮ್ಯಾಲಿನವರು ನೋಡದ ಬಿಡತಾರೇನು? ವಿಚಾರಣೆಗೂ ಬಂದಿದ್ರು. ಅಂವ ನಿನ್ನ ಹೆಸರಿಗೆ ಒಂದು ಮಾತು ಬರಗೊಡಲಿಲ್ಲ ನೋಡು."

ತ್ರಿವೇಣಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ನನ್ನಿಂದ... ಎಲ್ಲ ನನ್ನಿಂದ. ಮತ್ತೆ ಒಂದು ಮಾತೂ ಹೇಳದೆ ಹೋದನಲ್ಲ!

ಬಹಳ ಹೊತ್ತಿನ ಮೇಲೆ ಎದ್ದಳು. ಒಂದು ಕವರು ಕೊಂಡಳು. ಅಲ್ಲೇ ನಿಂತು ಬರೆದಳು.

'ಪ್ರಸಾದ ಅವರಿಗೆ. ನಿಮ್ಮ ಮೇಲೆ ನಾನು ಒಮ್ಮೆ ಸುಳ್ಳು ಬರೆದೆ. ಈಗ ಬರೆಯುವುದು ಖರೆ. ಪೀರನವಾಡಿ ಬಂದಾಗ ನಿಮ್ಮ ಕಿಟಕಿ ಖಾಲಿ ಇದ್ದರೆ ನನಗೆ ಇಡೀ ದಿನ ಖಾಲಿ. ಇದಕ್ಕಿಂತ ಹೆಚ್ಚು ಹೇಗೆ ಬರೆಯಬೇಕು ನನಗೆ ತಿಳಿಯದು. ಎಷ್ಟೋ ಜನರ ಅರ್ಜಿ ಬರೆದುಕೊಟ್ಟವರು ನೀವು. ಇದು ನನ್ನ ಅರ್ಜಿ. ಇಲ್ಲ ಎಂದಾದರೆ ಇಲ್ಲ ಎಂದೇ ಬರೆಯಿರಿ. ಆದರೆ ನನಗೆ ನೋವಾದೀತು ಎಂದು ಉತ್ತರವನ್ನು ಟ್ರಂಕಿನಲ್ಲಿ ಇಡಬೇಡಿ.'

ಕೌಂಟರಿನವನು ಕೇಳಿದ. "ಸಾದಾ ಹಾಕತೀರೋ, ಹಾಕಿದ್ದಕ್ಕ ಚೀಟಿ ಬೇಕೋ?"

ಅಪ್ಪನ ಇಪ್ಪತ್ಮೂರು ಚೀಟಿ ನೆನಪಾದವು. ಹಾಕಿದ್ದಕ್ಕೆ ಮಾತ್ರ ಸಾಕ್ಷಿ.

"ರಿಜಿಸ್ಟರ್ ಮಾಡ್ರಿ. ಕಾರ್ಡ್ ಹಚ್ಚಿ. ಮುಟ್ಟಿದ್ದಕ್ಕ ಅವರ ಸಹಿ ಬೇಕು ನನಗ."

*

ಮಂಗಳವಾರ ಸಂಜೆ ಐದೂವರೆಗೆ ಆಫೀಸಿನಿಂದ ಇಳಿದಾಗ, ಹಿಂದವಾಡಿಯ ಬಸ್ ಸ್ಟಾಪಿನಲ್ಲಿ ಅವನು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಒದ್ದೆ ಕೂದಲು. ಕೈಯಲ್ಲಿ ಏನೂ ಇಲ್ಲ.

ತ್ರಿವೇಣಿ ಊಟದ ಡಬ್ಬಿಯ ಚೀಲವನ್ನು ಎದೆಗೆ ಅವಚಿಕೊಂಡು ಹತ್ತಿರ ಬಂದಳು.

"ಕಾರ್ಡಿಗೆ ಸಹಿ ಮಾಡೀನ್ರಿ" ಅಂದ. "ಅದು ಟಪಾಲಿನ್ಯಾಗ ಬರತೈತಿ, ಇನ್ನ ಎರಡು ದಿನಾ ಹಿಡೀತೈತಿ. ಅಲ್ಲಿ ತನಕ ನಿಮಗ ಕಾಯಸೂದು ಬ್ಯಾಡ ಅಂತ..."

"ಹೇಳದ ಯಾಕ ಹೋದ್ರಿ?"

"ಹೇಳಿದ್ರ ನೀವು ನೊಂದಕೋತೀರಿ ಅಂತ."

"ನೋಡ್ರಿ! ಅಪ್ಪನೂ ಹಿಂಗ, ನೀವೂ ಹಿಂಗ!" ಅವಳ ಕಣ್ಣಲ್ಲಿ ನೀರು, ಧ್ವನಿಯಲ್ಲಿ ಸಿಟ್ಟು. "ನನಗ ನೋವಾಗಬಾರದು ಅಂತ ನನ್ನ ಸುದ್ದಿನ ನನಗ ಹೇಳಂಗಿಲ್ಲ! ನಿಮಗ ಬದಲಿ ಶಿಕ್ಷಾ ಆತಲ್ರಿ, ನನ್ನಿಂದ..."

"ಎಂಥಾ ಶಿಕ್ಷಾರಿ? ಮನೀ ಬಾಜೂಕ ಹಾಕ್ಯಾರ. ಬೆಳಗಾವ್ಯಾಗ ಬಿಸೀ ಊಟಾ ಮಾಡಿ ಹೋಗತೀನಿ. ಒಂದ ತ್ರಾಸು..."

"ಏನು?"

"ಪೀರನವಾಡಿ ದಾರ್ಯಾಗ ಬರಂಗಿಲ್ಲ."

ತ್ರಿವೇಣಿಗೆ ಅಳುವಿನ ನಡುವೆಯೇ ನಗು ಬಂತು. ಕಣ್ಣೊರೆಸಿಕೊಂಡಳು.

"ಮೂರು ತಿಂಗಳು ಯಾಕ ಬಾಯಿ ಬಿಡಲಿಲ್ಲ?"

"ಸರ್ಟಿಫಿಕೇಟ್ ವಾಪಸ್ ಬಂದುವು ಅಂತ ನೀವು ನಕ್ಕಿದ್ರಿ. ಆ ಉಪಕಾರಕ್ಕ ನೀವು ಹೂಂ ಅಂದಿದ್ರ? ಅದು ನನಗ ಬ್ಯಾಡಾಗಿತ್ತು. ನೀವಾಗೇ ಬರದ್ರ..." ಅವನ ಮಾತು ತಡವರಿಸಿತು. "ಎಷ್ಟೋ ಮಂದಿಗೆ ಬರದುಕೊಟ್ಟೀನ್ರಿ ನಾ. ನನ್ನ ಹೆಸರಿಗೆ ಹಿಂಗೊಂದು ಪತ್ರಾ ಬಂದದ್ದು ಇದ ಮೊದಲು."

"ಮತ್ತ... ಉತ್ತರ?"

"ನಂದು ಹೂಂ. ಅಂದಿಂದನೂ ಹೂಂ. ನೀವು ದೂರು ವಾಪಸ್ ತಗೋಳಾಕ ಪುಸ್ತಕ ಕೇಳಿದ್ರಲ್ಲ, ಅವತ್ತಿಂದ."

ಅವಳ ಮುಖ ಕೆಂಪಾಯಿತು. ಸಣ್ಣ ಧ್ವನಿಯಲ್ಲಿ ಕೇಳಿದಳು. "ನಿಮ್ಮ ಅವ್ವ ಏನಂತಾರ? ನಾವು ಕುರಿ ಕಾಯೋ ಮಂದಿ, ನೀವು ಲಿಂಗವಂತರು..."

"ಅವ್ವನ್ನ ನಾ ಮೊದಲ ಕೇಳೀನಿ. 'ಬಸವಣ್ಣನ ಹೆಸರು ಇಟಗೊಂಡಾಕಿ ನಾ, ಜಾತಿ ಕೇಳಿದ್ರ ನನ್ನ ಹೆಸರು ಬದಲಿ ಮಾಡಬೇಕಾಕ್ಕೈತೋ' ಅಂದ್ಲು. ಐತವಾರ ನಿಮ್ಮ ಅವ್ವನ ಕಡೆ ಬರಾಕಿ ಅದಾಳ. ಈಗ ನೀವು ಬರ್ರಿ, ಅವಲಕ್ಕಿ ಹಚ್ಚಿಟಗೊಂಡು ಕುಂತಾಳ."

ಖಾನಾಪುರದ ಬಸ್ಸು ಬಂತು. ಕಂಡಕ್ಟರ್ ಬಾಗಿಲು ಬಡಿದು ಕೂಗಿದ. ತ್ರಿವೇಣಿ ಬಸ್ಸಿನ ಕಡೆ ನೋಡಿದಳು. ಅದು ಹೊರಟಿತು. ಹಿಂದೆ ಇನ್ನೊಂದು ಇದೆ. ಅವಳಿಗೆ ಗೊತ್ತು.

"ಅಪ್ಪ ಇದ್ದಿದ್ರ... ಏನಂತಿದ್ದಾ?"

ಪ್ರಸಾದ ಯೋಚಿಸಿದ. ಪ್ರತೀ ಶನಿವಾರ ಕೌಂಟರ್ ಮೇಲೆ ಪೇಪರಿನ ತುಣುಕು ಬಿಡಿಸಿಟ್ಟು ಸಿದರಾಯಪ್ಪ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಎಷ್ಟು ಹೊತ್ತಿನ ದಾರಿ ಅಂತ ಕೇಳತಿದ್ರು."

"ಎಷ್ಟು ಹೊತ್ತಿನ ದಾರಿ?"

"ನಿಮ್ಮ ಆಫೀಸಿನಿಂದ ನಮ್ಮ ಮನಿಗಿ..." ಅವನು ಮೆಲ್ಲಗೆ ಅವಳ ಕೈಯಿಂದ ಊಟದ ಡಬ್ಬಿಯ ಚೀಲ ತೆಗೆದುಕೊಂಡ. "ನಡಕೋತ ಬಂದ್ರ ಇಪ್ಪತ್ತು ಮಿನಿಟು."

"ಹಂಗಾರ ಅಪ್ಪ ಬ್ಯಾಡ ಅನ್ನತಿರಲಿಲ್ಲ" ಅಂದಳು ತ್ರಿವೇಣಿ. "ನಡೀರಿ."